ಒಗ್ಗರಣೆಗೆ 300, ರಾತ್ರಿಗೆ 2,100: ಮನೆಯ ಗಾಳಿ ಅಳೆಯುವ ಸೆನ್ಸರ್ ಹೇಳುವುದೇನು, ಹೇಳದಿರುವುದೇನು?

ಪ್ರಶ್ನೆ: ಬೆಂಗಳೂರಿನ ರಾಜಾಜಿನಗರದಲ್ಲಿ ಎರಡನೇ ಮಹಡಿಯ ಫ್ಲಾಟ್‌ನಲ್ಲಿದ್ದೇವೆ. ಹಾಲ್‌ನ ಕಿಟಕಿ ರಸ್ತೆ ಕಡೆಗಿದೆ. ಏಳು ವರ್ಷದ ಮಗನಿಗೆ ಆಗಾಗ ಉಬ್ಬಸ ಬರುತ್ತದೆ. ಅದಕ್ಕೇ ಗಾಳಿ ಅಳೆಯುವ ಒಂದು ಸೆನ್ಸರ್ ತರಿಸಿದೆ. ಸುಮ್ಮನಿದ್ದಾಗ ಪಿಎಂ 2.5 (ಗಾಳಿಯಲ್ಲಿರುವ ಸಣ್ಣ ಕಣ) ಮೂವತ್ತರ ಆಸುಪಾಸು ಇರುತ್ತದೆ. ಒಗ್ಗರಣೆ ಹಾಕಿದರೆ 300 ದಾಟುತ್ತದೆ. ಅತ್ತೆ ಪೂಜೆಗೆ ಊದುಬತ್ತಿ ಹಚ್ಚಿದರೆ 150 ಆಗುತ್ತದೆ. ರಾತ್ರಿ ಏಸಿ ಹಾಕಿ ಮೂವರು ಮಲಗಿದರೆ ಕಾರ್ಬನ್ ಡೈಆಕ್ಸೈಡ್ 2,100 ತೋರಿಸುತ್ತದೆ. ಸರ್ಕಾರದ ಆಪ್‌ನಲ್ಲಿ ಬರುವ ಅಂಕಿಗೂ ಇದಕ್ಕೂ ತಾಳೆಯೇ ಆಗುವುದಿಲ್ಲ. ಸೆನ್ಸರೇ ಕೆಟ್ಟಿದೆ ಅಂತ ನಮ್ಮ ಮನೆಯವರು ಹೇಳುತ್ತಾರೆ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ. ಅದರ ಪಕ್ಕ ಇಟ್ಟು ನೋಡಿದೆ, ಪಿಎಂ ಏರಲಿಲ್ಲ, ಹಾಗಾಗಿ ಆ ಚಿಂತೆ ಇಲ್ಲ. ಏರ್ ಪ್ಯೂರಿಫೈಯರ್ ತೆಗೆದುಕೊಳ್ಳಬೇಕಾ?

ಉತ್ತರ: ಮೊದಲು ಗೀಸರ್ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಆಗಿದ್ದು ‘ಆ ಚಿಂತೆ ಇಲ್ಲ’ ಅನ್ನುವ ಮಾತು ಓದಿ.

ಗ್ಯಾಸ್ ಗೀಸರ್‌ನಿಂದ ಬರುವ ದೊಡ್ಡ ಅಪಾಯ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಿಮ್ಮ ಸೆನ್ಸರ್ ಅಳೆಯುತ್ತಿರುವುದು ಹೊಗೆಯ ಕಣ ಮತ್ತು ಕಾರ್ಬನ್ ಡೈಆಕ್ಸೈಡ್. ಕಾರ್ಬನ್ ಮೊನಾಕ್ಸೈಡ್ ಬೇರೆಯೇ ಅನಿಲ. ಮನೆಗೆಂದು ಮಾರುವ ಹೆಚ್ಚಿನ ಸೆನ್ಸರ್‌ಗಳಲ್ಲಿ ಅದನ್ನು ಹಿಡಿಯುವ ಭಾಗವೇ ಇರುವುದಿಲ್ಲ. ಗ್ಯಾಸ್ ಉರಿಯಿಂದ ಕಣಗಳೂ ಅಷ್ಟಾಗಿ ಹುಟ್ಟುವುದಿಲ್ಲ. ಹಾಗಾಗಿ ನಿಮ್ಮ ಅಂಕಿ ಏರಲಿಲ್ಲ, ಅಷ್ಟೆ. ಅದರಿಂದ ಗೀಸರ್ ಸುರಕ್ಷಿತ ಅಂತ ಗೊತ್ತಾಗುವುದಿಲ್ಲ.

ಮುಚ್ಚಿದ ಬಚ್ಚಲಲ್ಲಿ ಗೀಸರ್ ಉರಿದಂತೆ ಆಮ್ಲಜನಕ ಕಡಿಮೆಯಾಗುತ್ತದೆ, ಉರಿ ಅರೆಬರೆಯಾಗುತ್ತದೆ, ಆಗ ಈ ಅನಿಲ ಜಾಸ್ತಿ ಹುಟ್ಟುತ್ತದೆ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕೂರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಪ್ರಜ್ಞೆಯೇ ತಪ್ಪುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನುವ ಸುದ್ದಿ ಬೆಂಗಳೂರಿನಲ್ಲೇ ಎಷ್ಟೋ ಸಲ ಬಂದಿದೆ. ಮಕ್ಕಳಿಗೆ ಇದು ಇನ್ನೂ ಬೇಗ ತಟ್ಟುತ್ತದೆ.

ಗೀಸರನ್ನು ಬಚ್ಚಲಿಂದ ತೆಗೆಸಿ, ಹೊರಗಾಳಿ ಆಡುವ ಬಾಲ್ಕನಿಯಲ್ಲೋ ಯುಟಿಲಿಟಿಯಲ್ಲೋ ಹಾಕಿಸಿ. ಸಾಧ್ಯವಾದರೆ ಕರೆಂಟ್ ಗೀಸರ್‌ಗೆ ಬದಲಾಗಿ. ಅದು ಆಗುವವರೆಗೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಿ. ಕಾರ್ಬನ್ ಮೊನಾಕ್ಸೈಡ್‌ಗೆಂದೇ ಬೇರೆ ಅಲಾರಂ ಸಿಗುತ್ತದೆ. ಒಂದು ತಂದು ಹಾಕಿ. ಅದರ ಒಳಗೆ ಅನಿಲವನ್ನು ಹಿಡಿಯುವ ಭಾಗಕ್ಕೆ ಇಂತಿಷ್ಟು ವರ್ಷ ಅಂತ ಆಯಸ್ಸು ಇರುತ್ತದೆ, ಆ ತಾರೀಖು ನೋಡಿಕೊಳ್ಳಿ. ಅಡುಗೆ ಗ್ಯಾಸ್ ಸೋರಿದರೂ ನಿಮ್ಮ ಈಗಿನ ಸೆನ್ಸರ್ ಎಚ್ಚರಿಸುತ್ತದೆ ಅಂತ ನಂಬಬೇಡಿ. ಅದಕ್ಕೂ ಬೇರೆ ಡಿಟೆಕ್ಟರ್ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಇಳಿದು ನೆಲದ ಮೇಲೆ ಹರಡುತ್ತದೆ. ಅದಕ್ಕೇ ಆ ಡಿಟೆಕ್ಟರನ್ನು ನೆಲದ ಹತ್ತಿರ ಹಾಕುತ್ತಾರೆ.

ಈಗ ನಿಮ್ಮ ಸೆನ್ಸರ್‌ಗೆ ಬರೋಣ. ಅದು ಕೆಟ್ಟಿಲ್ಲ. ಒಗ್ಗರಣೆಗೆ 300, ಊದುಬತ್ತಿಗೆ 150 ಅಂದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಇಷ್ಟೊಂದು ಏರಿಳಿತ ನೋಡಿದವರಿಗೆ ಯಂತ್ರದ ಮೇಲೇ ಅನುಮಾನ ಬರುವುದು ಸಹಜ. ಮನೆಯೊಳಗಿನ ಗಾಳಿ ಇಷ್ಟು ಬೇಗ ಬದಲಾಗುತ್ತದೆ ಅಂತ ನಮಗೆ ಮೊದಲು ಗೊತ್ತಾಗುತ್ತಲೇ ಇರಲಿಲ್ಲವಲ್ಲ.

ಬೆಳಕಿಂಡಿಯಿಂದ ಬಿಸಿಲಕೋಲು ಬಿದ್ದಾಗ ಅದರಲ್ಲಿ ಧೂಳು ಹೊಳೆಯುವುದನ್ನು ನೋಡಿದ್ದೀರಿ ಅಲ್ವಾ? ಸೆನ್ಸರ್ ಒಳಗೂ ನಡೆಯುವುದು ಅದೇ. ಒಂದು ಪುಟ್ಟ ಫ್ಯಾನ್ ಗಾಳಿಯನ್ನು ಒಳಗೆ ಎಳೆಯುತ್ತದೆ. ಲೇಸರ್ ಬೆಳಕಿಗೆ ಅಡ್ಡ ಬಂದ ಕಣ ಬೆಳಕನ್ನು ಚದುರಿಸುತ್ತದೆ. ಆ ಮಿಂಚನ್ನು ಎಣಿಸಿ, ಕಣ ಎಷ್ಟು ದೊಡ್ಡದು ಅಂತ ಅಂದಾಜು ಮಾಡಿ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಇರಬಹುದು ಅಂತ ಲೆಕ್ಕ ಹಾಕುತ್ತದೆ. ಪಿಎಂ 2.5 ಅಂದರೆ ಅಡ್ಡಳತೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಇರುವ ಕಣ. ತಲೆಕೂದಲಿನ ದಪ್ಪ ಇದರ ಇಪ್ಪತ್ತು ಪಟ್ಟಿಗಿಂತ ಜಾಸ್ತಿ. ಮೂಗು, ಗಂಟಲು ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುವ ಗಾತ್ರ ಅದು.

ಇಲ್ಲಿ ಯಾರೂ ಕಣವನ್ನು ತೂಗುತ್ತಿಲ್ಲ. ಎಣ್ಣೆಯ ಹೊಗೆ, ಊದುಬತ್ತಿ ಹೊಗೆ, ರಸ್ತೆಯ ಧೂಳು ಒಂದೊಂದೂ ಬೆಳಕನ್ನು ಒಂದೊಂದು ಥರ ಚದುರಿಸುತ್ತದೆ. ಸೆನ್ಸರ್ ಎಲ್ಲಕ್ಕೂ ಒಂದೇ ಲೆಕ್ಕ ಹಾಕುತ್ತದೆ. ಹಾಗಾಗಿ ಅದು 300 ಅಂದಾಗ ನಿಜ 200 ಇರಬಹುದು, 400 ಇರಬಹುದು. ಆದರೆ ಮೂವತ್ತರಿಂದ ಒಂದೇ ಸಲ ಮುನ್ನೂರಕ್ಕೆ ಹಾರಿದೆ ಅಂದರೆ ಹೊಗೆ ಎದ್ದಿರುವುದು ನಿಜ. ಅಂಕಿ ಎಷ್ಟು ಅನ್ನುವುದಕ್ಕಿಂತ ಎಷ್ಟು ಪಟ್ಟು ಏರಿತು, ಇಳಿಯಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ. ಈ ಯಂತ್ರವನ್ನು ನಂಬಬೇಕಾದ್ದು ಅಲ್ಲಿ.

ಸರ್ಕಾರದ ಆಪ್ ಜೊತೆ ತಾಳೆಯಾಗದಿರುವುದಕ್ಕೆ ಮೂರು ಕಾರಣ ಇವೆ. ಒಂದು, ಅದು ಹೊರಗಿನ ಗಾಳಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರ ನಿಮಗೆ ಹತ್ತಿರದಲ್ಲಿರುವುದು ಸಾಣೆಗುರುವನಹಳ್ಳಿಯಲ್ಲಿ, ನಿಮ್ಮ ಅಡುಗೆಮನೆಯಲ್ಲಿ ಅಲ್ಲ. ಎರಡು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆಪ್ ತೋರಿಸುವುದು ಹಿಂದಿನ 24 ಗಂಟೆಯ ಸರಾಸರಿಯಿಂದ ತೆಗೆದ ಸೂಚ್ಯಂಕ. ನಿಮ್ಮದು ಈ ಕ್ಷಣದ್ದು. ಮೂರನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ಎಕ್ಯೂಐ ಅನ್ನುವ ಈ ಗಾಳಿ ಗುಣಮಟ್ಟದ ಸೂಚ್ಯಂಕ ಬೇರೆ, ಮೈಕ್ರೋಗ್ರಾಂ ಬೇರೆ. ಪಿಎಂ 2.5 ಅರವತ್ತು ಮೈಕ್ರೋಗ್ರಾಂ ಇದ್ದರೆ ಭಾರತದ ಸೂಚ್ಯಂಕದಲ್ಲಿ ಅದು 100. ಅಮೆರಿಕದ ಸೂಚ್ಯಂಕದಲ್ಲಿ ಅದೇ ಗಾಳಿ 150 ದಾಟುತ್ತದೆ. ಹೊರದೇಶದ ಕಂಪನಿಗಳ ಸೆನ್ಸರ್‌ಗಳು ಎಷ್ಟೋ ಸಲ ಅಮೆರಿಕದ ಲೆಕ್ಕವನ್ನೇ ತೋರಿಸುತ್ತವೆ. ನಿಮ್ಮದರ ಸೆಟ್ಟಿಂಗ್ ತೆರೆದು ಮೈಕ್ರೋಗ್ರಾಂಗೆ ಬದಲಾಯಿಸಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಹಾಗಾದರೆ ಎಷ್ಟಿದ್ದರೆ ಸರಿ? ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಪಿಎಂ 2.5 ದಿನದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು, ವರ್ಷದ ಸರಾಸರಿ 40 ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ತುಂಬಾ ಬಿಗಿ ಮಾಡಿತು: ದಿನಕ್ಕೆ 15, ವರ್ಷಕ್ಕೆ 5. ಉಬ್ಬಸದ ಮಗು ಇರುವ ಮನೆಗೆ ನಾನು ಅರವತ್ತನ್ನು ಗುರಿ ಅಂತ ಹೇಳುವುದಿಲ್ಲ. ಹದಿನೈದರ ಕಡೆಗೆ ಎಷ್ಟು ಹತ್ತಿರ ಹೋಗಬಹುದೋ ಹೋಗಿ.

ಇವೆಲ್ಲ ಸರಾಸರಿಗಳು ಅನ್ನುವುದನ್ನು ನೆನಪಿಡಿ. ನಿಮ್ಮದೇ ಅಂಕಿ ಹಿಡಿದು ಒಂದು ಲೆಕ್ಕ ಮಾಡೋಣ. ದಿನದಲ್ಲಿ 22 ಗಂಟೆ 30 ಇದೆ, ಎರಡು ಗಂಟೆ 300 ಇದೆ ಅಂದುಕೊಳ್ಳಿ. ಸರಾಸರಿ 52 ದಾಟುತ್ತದೆ. ಅದೇ 300 ಅರ್ಧ ಗಂಟೆಯಲ್ಲಿ ಇಳಿದುಹೋದರೆ ಸರಾಸರಿ 36ರ ಹತ್ತಿರಕ್ಕೆ ಬರುತ್ತದೆ. ಒಗ್ಗರಣೆ ಅದೇ, ಸಾಸಿವೆ, ಮೆಣಸಿನಕಾಯಿ ಅವೇ. ಹೊಗೆ ಒಳಗೆ ಎಷ್ಟು ಹೊತ್ತು ಉಳಿಯಿತು ಅನ್ನುವುದಷ್ಟೇ ಬದಲಾಯಿತು. ನಿಮ್ಮ ಕೈಯಲ್ಲಿರುವುದೂ ಅದೇ.

ಸೆನ್ಸರ್ ಎಲ್ಲಿಟ್ಟಿದ್ದೀರಿ ಅಂತ ಬರೆದಿಲ್ಲ. ಒಲೆ ಪಕ್ಕ ಬೇಡ, ಅಲ್ಲಿ ಎಣ್ಣೆ ಜಿಡ್ಡು ಒಳಗೆ ಹೋಗಿ ಕೂರುತ್ತದೆ. ಕಿಟಕಿಗೆ ಅಂಟಿಸಿ ಬೇಡ, ಏಸಿ ಗಾಳಿ ನೇರ ಹೊಡೆಯುವ ಕಡೆ ಬೇಡ, ಬಿಸಿಲಲ್ಲಿ ಬೇಡ. ಮಗ ಜಾಸ್ತಿ ಹೊತ್ತು ಎಲ್ಲಿರುತ್ತಾನೋ ಅಲ್ಲಿ, ಅವನು ಕೂರುವ ಅಥವಾ ಮಲಗುವ ಎತ್ತರಕ್ಕೆ ಇಡಿ. ರಾತ್ರಿ ಅವನ ಮಂಚದಿಂದ ಮೂರ್ನಾಲ್ಕು ಅಡಿ ದೂರ ಇರಲಿ, ಇಲ್ಲದಿದ್ದರೆ ಬಿಟ್ಟ ಉಸಿರು ನೇರ ಅದಕ್ಕೇ ತಾಗುತ್ತದೆ. ಮಗನಿಗೆ ನೆಬ್ಯುಲೈಸರ್ ಹಾಕುವುದಿದ್ದರೆ ಆ ಹೊತ್ತಿನ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಔಷಧಿಯ ಮಂಜನ್ನೂ ಸೆನ್ಸರ್ ಕಣ ಅಂತಲೇ ಎಣಿಸುತ್ತದೆ. ಬಚ್ಚಲಿಂದ ಬರುವ ಹಬೆಗೂ ಹೀಗೇ ಆಗುತ್ತದೆ. ಮಳೆಗಾಲದ ಬೆಳಿಗ್ಗೆ ಗಾಳಿಯ ತೇವ ಶೇಕಡ 80 ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಅಂಕಿಯೂ ಉಬ್ಬುತ್ತದೆ. ಮಂಗಳೂರು, ಕಾರವಾರ, ಮಡಿಕೇರಿ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ವಿಶೇಷವಾಗಿ ಗಮನದಲ್ಲಿಡಬೇಕು.

ಗೀಸರ್, ಸೊಳ್ಳೆ ಬತ್ತಿ ಎರಡನ್ನು ಬಿಟ್ಟು ಮೊದಲ ಒಂದು ವಾರ ಏನೂ ಬದಲಾಯಿಸಬೇಡಿ. ಸುಮ್ನೆ ಬರೆದಿಡಿ: ಎಷ್ಟು ಹೊತ್ತಿಗೆ ಏರಿತು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು, ಮೊದಲಿನ ಅಂಕಿಗೆ ಇಳಿಯಲು ಎಷ್ಟು ನಿಮಿಷ ಬೇಕಾಯಿತು. ಆಮೇಲೆ ಒಂದು ಸಲಕ್ಕೆ ಒಂದೇ ಒಂದು ಬದಲಾವಣೆ ಮಾಡಿ. ಒಟ್ಟಿಗೆ ನಾಲ್ಕು ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದೇ ಇಲ್ಲ.

ಅಡುಗೆಮನೆಯಿಂದ ಶುರು ಮಾಡಿ. ಅಲ್ಲಿ ಹೆಚ್ಚು ಗಳಿಕೆ ಇದೆ. ಚಿಮಣಿ ಇದ್ದರೆ ಅದರ ಪೈಪ್ ಎಲ್ಲಿಗೆ ಹೋಗುತ್ತದೆ ನೋಡಿ. ಪೈಪೇ ಇಲ್ಲದ ಚಿಮಣಿಗಳು ಫ್ಲಾಟ್‌ಗಳಲ್ಲಿ ಬೇಕಾದಷ್ಟಿವೆ. ಅವು ಜಿಡ್ಡನ್ನು ಒಂದಷ್ಟು ಹಿಡಿದು ಗಾಳಿಯನ್ನು ವಾಪಸ್ ಅಡುಗೆಮನೆಗೇ ಬಿಡುತ್ತವೆ. ಸಣ್ಣ ಕಣ ಬಹುಪಾಲು ಒಳಗೇ ಉಳಿಯುತ್ತದೆ. ಅದಕ್ಕಿಂತ ಗೋಡೆಯಲ್ಲಿ ಹೊರಗೆ ನೂಕುವ ಸಾಧಾರಣ ಎಕ್ಸಾಸ್ಟ್ ಫ್ಯಾನ್ ಎಷ್ಟೋ ವಾಸಿ. ಒಲೆ ಹಚ್ಚುವ ಮೊದಲೇ ಅದನ್ನು ಹಾಕಿ. ಅಡುಗೆ ಮುಗಿದ ಮೇಲೂ ಹತ್ತು–ಹದಿನೈದು ನಿಮಿಷ ಓಡಲಿ. ಒಳಗಿನ ಗಾಳಿ ಹೊರಗೆ ಹೋಗಬೇಕಾದರೆ ಬೇರೆ ಕಡೆಯಿಂದ ಗಾಳಿ ಒಳಗೆ ಬರಬೇಕಲ್ಲ, ಅದಕ್ಕೆ ಯುಟಿಲಿಟಿ ಬಾಗಿಲನ್ನೋ ಇನ್ನೊಂದು ಕಿಟಕಿಯನ್ನೋ ಸ್ವಲ್ಪ ತೆರೆದಿಡಿ. ಎಲ್ಲ ಮುಚ್ಚಿ ಎಕ್ಸಾಸ್ಟ್ ಹಾಕಿದರೆ ಫ್ಯಾನ್ ಸದ್ದು ಮಾತ್ರ ಬರುತ್ತದೆ.

ಒಗ್ಗರಣೆಯನ್ನೇ ಒಂದು ದಿನ ಹತ್ತಿರದಿಂದ ನೋಡಿ. ಎಣ್ಣೆ ಕಾದು ಸಾಸಿವೆ ಚಟಪಟ ಅನ್ನುವವರೆಗೆ ಅಂಕಿ ಅಷ್ಟೇನೂ ಏರುವುದಿಲ್ಲ. ಎಣ್ಣೆಯಿಂದ ನೀಲಿ ಹೊಗೆ ಏಳತೊಡಗಿದಾಗ, ಒಣಮೆಣಸಿನಕಾಯಿ ಕಪ್ಪಾದಾಗ ಅದು ಜಿಗಿಯುತ್ತದೆ. ಮಗ ಕೆಮ್ಮತೊಡಗುವುದೂ ಆ ಘಾಟಿಗೇ ಇರಬಹುದು. ಉರಿ ತಗ್ಗಿಸಿ, ಸಾಸಿವೆ ಸಿಡಿದ ತಕ್ಷಣ ಒಲೆ ಆರಿಸಿ, ಆ ಬಿಸಿಗೇ ಇಂಗು, ಮೆಣಸಿನಕಾಯಿ, ಕರಿಬೇವು ಹಾಕಿ ನೋಡಿ. ರುಚಿ ಏನೂ ಕೆಡುವುದಿಲ್ಲ. ದೋಸೆ ಕಾವಲಿಯಲ್ಲೂ ಹೀಗೇ, ಹಂಚು ಹೊಗೆಯಾಡುವಷ್ಟು ಕಾಯಿಸುವುದು ಬೇಡ.

ಊದುಬತ್ತಿ ವಿಷಯ ನಾಜೂಕಿನದು. ಅತ್ತೆಯವರ ಪೂಜೆಯನ್ನು ಈ ಯಂತ್ರ ತಂದು ಪ್ರಶ್ನೆ ಮಾಡಿದ ಹಾಗೆ ಆಗಬಾರದು. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅಂಕಿ ತೋರಿಸಿ. ಮೊಮ್ಮಗನ ಉಸಿರಾಟದ ವಿಷಯ ಅಂದರೆ ಅವರಿಗೂ ನಿಮ್ಮಷ್ಟೇ ಕಾಳಜಿ ಇರುತ್ತದೆ. ಎರಡರ ಬದಲು ಒಂದು ಕಡ್ಡಿ, ಅದೂ ಅವನು ಸ್ಕೂಲಿಗೆ ಹೋದ ಮೇಲೆ, ಕಿಟಕಿ ತೆರೆದು. ಆರತಿ ಆದ ಮೇಲೆ ಕಡ್ಡಿಯನ್ನು ನಂದಿಸಬಹುದು, ಕೊನೆವರೆಗೆ ಉರಿಯಲೇಬೇಕು ಅಂತೇನಿಲ್ಲ. ದೀಪ, ಹೂವು, ಗಂಟೆ ಇದ್ದೇ ಇರುತ್ತವೆ. ಕರ್ಪೂರ ಚಿಕ್ಕ ತುಂಡು ಸಾಕು, ಅದರ ಮಸಿ ಜಾಸ್ತಿ. ‘ಹರ್ಬಲ್’, ‘ನ್ಯಾಚುರಲ್’ ಅಂತ ಬರೆದ ಧೂಪಕ್ಕೆ ದುಡ್ಡು ಹಾಕಿ ಸಮಾಧಾನ ಪಡಬೇಡಿ. ಹಚ್ಚಿ ನೋಡಿ, ಅಂಕಿ ಅಷ್ಟೇ ಏರುತ್ತದೆ.

ಸೊಳ್ಳೆ ಬತ್ತಿಯ ವಿಷಯದಲ್ಲಿ ಮಾತ್ರ ನಾನು ಮೃದುವಾಗಿ ಹೇಳುವುದಿಲ್ಲ. ಸುರುಳಿ ಬತ್ತಿ ಹಚ್ಚುತ್ತಿದ್ದರೆ ಇವತ್ತೇ ನಿಲ್ಲಿಸಿ. ಒಂದು ಸುರುಳಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಪಿಎಂ 2.5 ಬಿಡುತ್ತದೆ ಅಂತ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಳೆದು ತೋರಿಸಿದೆ. ಕಿಟಕಿಗೆ ಮೆಶ್, ಮಂಚಕ್ಕೆ ಸೊಳ್ಳೆ ಪರದೆ ಸಾಕು.

ರಸ್ತೆ ಕಡೆಯ ಕಿಟಕಿ ಯಾವಾಗ ತೆರೆಯಬೇಕು ಅನ್ನುವುದನ್ನು ಊಹಿಸಬೇಕಾಗಿಲ್ಲ. ಸೆನ್ಸರನ್ನು ಅರ್ಧ ಗಂಟೆ ಬಾಲ್ಕನಿಯಲ್ಲಿ, ನೆರಳಲ್ಲಿ ಇಡಿ. ಹೊರಗಿನ ಅಂಕಿ ಕಡಿಮೆ ಇದ್ದರೆ ತೆರೆಯಿರಿ, ಜಾಸ್ತಿ ಇದ್ದರೆ ಮುಚ್ಚಿ. ಚಳಿಗಾಲದ ಬೆಳಗಿನ ಹೊತ್ತು ತಣ್ಣಗಿನ ಗಾಳಿ ನೆಲಕ್ಕೆ ಅಂಟಿಕೊಂಡಿರುತ್ತದೆ, ವಾಹನದ ಹೊಗೆ, ಬೀದಿಯಲ್ಲಿ ಎಲೆ-ಕಸ ಸುಟ್ಟ ಹೊಗೆ ಮೇಲೇರದೆ ಅಲ್ಲೇ ನಿಲ್ಲುತ್ತದೆ. ಬಿಸಿಲೇರಿದ ಮೇಲೆ ಅದು ಚದುರುವುದರಿಂದ ಮಧ್ಯಾಹ್ನ ಸಾಮಾನ್ಯವಾಗಿ ವಾಸಿ. ಮಳೆಗಾಲದಲ್ಲಿ ಧಾರಾಳವಾಗಿ ತೆರೆದಿಡಿ. ನವೆಂಬರ್‌ನಲ್ಲಿ ದೆಹಲಿಯವರಿಗೆ ಹೇಳುವ ‘ಎಲ್ಲ ಕಿಟಕಿ ಮುಚ್ಚಿ’ ಅನ್ನುವ ಸಲಹೆಯನ್ನು ಬೆಂಗಳೂರಿನವರು ವರ್ಷವಿಡೀ ಪಾಲಿಸುವುದು ನೋಡಿದರೆ ನನಗೆ ಬೇಸರವಾಗುತ್ತದೆ. ಇಲ್ಲಿ ಎಷ್ಟೋ ದಿನ ಹೊರಗಿನ ಗಾಳಿಯೇ ಒಳಗಿನದಕ್ಕಿಂತ ಚೆನ್ನಾಗಿರುತ್ತದೆ.

ರಾತ್ರಿಯ 2,100ಕ್ಕೆ ಬರೋಣ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಈಗ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು. ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಇದ್ದ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ. ಮಲಗಿದ ದೊಡ್ಡವರೊಬ್ಬರು ಗಂಟೆಗೆ ಸುಮಾರು 12–15 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ನೀವಿಬ್ಬರು ಮತ್ತು ಮಗ ಸೇರಿ 35 ಲೀಟರ್ ಅನ್ನಿ. ಹತ್ತು ಅಡಿ, ಹನ್ನೆರಡು ಅಡಿ ಕೋಣೆ, ಎತ್ತರ ಹತ್ತು ಅಡಿ ಇದ್ದರೆ ಅದರಲ್ಲಿರುವ ಗಾಳಿ 34 ಸಾವಿರ ಲೀಟರ್. ಒಂದಿಷ್ಟೂ ಸಂದಿ ಇಲ್ಲದಿದ್ದರೆ ಗಂಟೆಗೆ ಸಾವಿರ ಪಿಪಿಎಂ ಏರಬೇಕು. ಬಾಗಿಲ ಕೆಳಗಿನ ಸಂದಿಯಿಂದ ಒಂದಷ್ಟು ಹೋಗುವುದರಿಂದ 2,100ರಲ್ಲಿ ನಿಂತಿದೆ. ಅಂದರೆ ಗಂಟೆಗೆ ಒಂದು ಸಲವೂ ಕೋಣೆಯ ಗಾಳಿ ಪೂರ್ತಿ ಬದಲಾಗುತ್ತಿಲ್ಲ. ಅಂಕಿ ನಂಬುವ ಹಾಗೇ ಇದೆ.

ಇದು ವಿಷ ಅಲ್ಲ, ಹೆದರಬೇಡಿ. ಅಮೆರಿಕದಲ್ಲಿ ಎಂಟು ಗಂಟೆ ಕೆಲಸದ ಜಾಗಕ್ಕೆ ಇಟ್ಟಿರುವ ಮಿತಿ 5,000. ಆದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದೀರಿ ಅಂತ ಅದು ಹೇಳುತ್ತಿದೆ. ಮನೆಯಲ್ಲಿ ಒಬ್ಬರಿಗೆ ಶೀತವಾದರೆ ಎಲ್ಲರಿಗೂ ಹಬ್ಬುವ ಕೋಣೆ ಇಂಥದ್ದು. ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಕೋಣೆಯ ಗಾಳಿ ಸಾವಿರ ಪಿಪಿಎಂ ದಾಟಬಾರದು ಅಂದಿದ್ದರು. ಇವತ್ತಿಗೂ ಅದು ಒಳ್ಳೆಯ ಗುರುತು. ಕಿಟಕಿಯನ್ನು ಎರಡು ಬೆರಳಿನಷ್ಟು ಸರಿಸಿ, ಕೋಣೆಯ ಬಾಗಿಲನ್ನು ಓರೆ ಮಾಡಿ ಮಲಗಿ ನೋಡಿ. ಬೆಳಿಗ್ಗೆ ಗ್ರಾಫ್ ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಕರೆಂಟ್ ಬಿಲ್ ಸ್ವಲ್ಪ ಏರಬಹುದು. ಬೆಂಗಳೂರಿನ ಬಹುಪಾಲು ರಾತ್ರಿಗಳಿಗೆ ಏಸಿ ಬೇಡ, ಫ್ಯಾನ್ ಮತ್ತು ತೆರೆದ ಕಿಟಕಿ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಪರೀಕ್ಷೆ ಮಾತ್ರ ಮಾಡಿ. ಕಡಿಮೆ ಬೆಲೆಯ ಎಷ್ಟೋ ಸೆನ್ಸರ್‌ಗಳು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ, ವಾಸನೆಯ ಅನಿಲಗಳನ್ನು ನೋಡಿ ಊಹಿಸುತ್ತವೆ. ಹತ್ತಿರದಲ್ಲಿ ಸ್ಯಾನಿಟೈಸರ್ ಒಂದು ಹನಿ ಕೈಗೆ ಹಚ್ಚಿಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಅಂಕಿ ಧಡಕ್ಕನೆ ಹಾರಿದರೆ ಅದು ಊಹೆಯ ಯಂತ್ರ, ಆ ಅಂಕಿಯನ್ನು ಬಿಟ್ಟುಬಿಡಿ. ಹಾರದಿದ್ದರೆ ಒಳ್ಳೆಯದು. ನಿಜವಾಗಿ ಅಳೆಯುವ ಸೆನ್ಸರ್‌ಗಳಲ್ಲೂ ಹೆಚ್ಚಿನವು ಆಗಾಗ ಹೊರಗಾಳಿ ಸಿಕ್ಕರೆ ಅದನ್ನು 400ರ ಆಸುಪಾಸು ಅಂತ ಹಿಡಿದು ತಮ್ಮನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ವಾರಕ್ಕೊಮ್ಮೆ ಬಾಲ್ಕನಿಗೆ ಕರೆದುಕೊಂಡು ಹೋಗಿ. ಟಿವಿಓಸಿ (ಸುಲಭವಾಗಿ ಆವಿಯಾಗುವ ರಾಸಾಯನಿಕಗಳ ಒಟ್ಟು ಮೊತ್ತ) ಅಂತ ಇನ್ನೊಂದು ಅಂಕಿ ಬರುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕಿತ್ತಳೆ ಸಿಪ್ಪೆ ಸುಲಿದರೂ, ಫಿನಾಯಿಲ್ ಹಾಕಿ ನೆಲ ಒರೆಸಿದರೂ ಅದು ಏರುತ್ತದೆ. ಯಾವ ಅನಿಲ ಅಂತ ಅದು ಹೇಳುವುದಿಲ್ಲ.

ಪ್ಯೂರಿಫೈಯರ್ ಬೇಕಾ ಅಂದಿರಿ. ಮೇಲಿನವು ಯಾವುದಕ್ಕೂ ಹೆಚ್ಚು ಖರ್ಚಿಲ್ಲ, ಮೊದಲು ಅವನ್ನು ಮಾಡಿ. ಅದಾದ ಮೇಲೂ ಮಗ ಮಲಗುವ ಕೋಣೆಯಲ್ಲಿ ರಾತ್ರಿಯ ಅಂಕಿ 25–30ಕ್ಕಿಂತ ಇಳಿಯದಿದ್ದರೆ ಆ ಒಂದು ಕೋಣೆಗೆ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಸಿಎಡಿಆರ್ ಅನ್ನುವ ಸಂಖ್ಯೆ ನೋಡಿ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವುದು ಅದು. ಮೇಲೆ ಹೇಳಿದ ಕೋಣೆ 34 ಘನ ಮೀಟರ್. ಗಂಟೆಗೆ ಐದು ಸಲ ಶುದ್ಧವಾಗಬೇಕಾದರೆ 170 ಬೇಕು. ಜೋರು ಸದ್ದಿನ ವೇಗದಲ್ಲಿ ಅಲ್ಲ, ರಾತ್ರಿ ಹಾಕಿ ಮಲಗಬಹುದಾದ ವೇಗದಲ್ಲಿ ಅಷ್ಟು ಕೊಡುತ್ತದಾ ಅಂತ ಅಂಗಡಿಯವರನ್ನು ಕೇಳಿ. ಎರಡನೇ ಪ್ರಶ್ನೆ, ಫಿಲ್ಟರ್ ಬೆಲೆ ಎಷ್ಟು, ಎಷ್ಟು ತಿಂಗಳಿಗೆ ಬದಲಿಸಬೇಕು. ಓಝೋನ್ ಬಿಡುವಂಥದ್ದು ಬೇಡವೇ ಬೇಡ, ಅದು ಉಬ್ಬಸದವರ ಶ್ವಾಸಕೋಶಕ್ಕೆ ಕೆಟ್ಟದ್ದು.

ತಂದ ದಿನ ನಿಮ್ಮ ಸೆನ್ಸರ್‌ನಿಂದಲೇ ಅದನ್ನು ಪರೀಕ್ಷಿಸಿ. ಮಗ ಮನೆಯಲ್ಲಿ ಇಲ್ಲದಾಗ ಕೋಣೆಯಲ್ಲಿ ಒಂದು ಊದುಬತ್ತಿ ಸ್ವಲ್ಪ ಹೊತ್ತು ಉರಿಸಿ, ಆರಿಸಿ, ಬಾಗಿಲು ಮುಚ್ಚಿ, ಪ್ಯೂರಿಫೈಯರ್ ಹಾಕಿ. ಗಂಟೆಗೆ ಐದು ಸಲದ ಲೆಕ್ಕ ನಿಜವಾದರೆ ಎಂಟು–ಹತ್ತು ನಿಮಿಷಕ್ಕೊಮ್ಮೆ ಅಂಕಿ ಅರ್ಧವಾಗುತ್ತಾ ಹೋಗಬೇಕು. ಅರ್ಧ ಗಂಟೆಯಾದರೂ ಅರ್ಧಕ್ಕೆ ಬರದಿದ್ದರೆ ವಾಪಸ್ ಮಾಡಿ. ಪ್ಯೂರಿಫೈಯರ್ ಕಣ ಹಿಡಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹಿಡಿಯುವುದಿಲ್ಲ. ಗೀಸರ್ ಅನಿಲವನ್ನಂತೂ ಇಲ್ಲವೇ ಇಲ್ಲ.

ಕೊನೆಗೆ ಮಗನ ವಿಷಯ. ನೀವು ಅಂಕಿ ಬರೆದಿಡುವ ಪುಸ್ತಕದಲ್ಲೇ ಅವನಿಗೆ ಕೆಮ್ಮು, ಉಬ್ಬಸ ಬಂದ ಹೊತ್ತನ್ನೂ ಬರೆಯಿರಿ. ಒಂದು ತಿಂಗಳಾದ ಮೇಲೆ ಅದನ್ನು ಡಾಕ್ಟರಿಗೆ ತೋರಿಸಿ. ಅಡುಗೆ ಹೊತ್ತಿಗೆ ಬರುತ್ತಿದೆಯೋ, ರಾತ್ರಿಯೋ, ಅಥವಾ ಅಂಕಿ ಕಡಿಮೆ ಇದ್ದಾಗಲೂ ಬರುತ್ತಿದೆಯೋ ಅನ್ನುವುದು ಅವರಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಹಾಸಿಗೆಯ ಧೂಳುಹುಳ, ಗೋಡೆಯ ಬೂಷ್ಟು, ಪರಾಗ ಇವುಗಳಿಂದಲೂ ಉಬ್ಬಸ ಬರಬಹುದು, ಅವನ್ನು ಈ ಸೆನ್ಸರ್ ಬೇರೆ ಮಾಡಿ ತೋರಿಸುವುದಿಲ್ಲ. ಅಂಕಿ ಎಷ್ಟೇ ಚೆನ್ನಾಗಿ ಇಳಿದರೂ ಡಾಕ್ಟರ್ ಹೇಳದೆ ಇನ್ಹೇಲರ್ ನಿಲ್ಲಿಸಬೇಡಿ.